ಉತ್ತರ ಅಮೆರಿಕದ ವೃತ್ತಿಪರ ಹಾಕಿಯಲ್ಲಿ ಭೂಗೋಳ ಮತ್ತು ತಂಡನಿಷ್ಠೆ

ಪೀಠಿಕೆ

ಕ್ರೀಡಾಭಿಮಾನವನ್ನು ವೈಯಕ್ತಿಕ ಅಭಿರುಚಿಯ ಸಂಗತಿಯೆಂದು ಪರಿಗಣಿಸುವುದು ವಾಡಿಕೆ. ಗೆಲ್ಲುವ ತಂಡದ ಕಡೆಗೆ ಅಥವಾ ಮೆಚ್ಚಿನ ಆಟಗಾರನ ಕಡೆಗೆ ಮನಸ್ಸು ವಾಲುತ್ತದೆ ಎಂಬುದು ಸಾಮಾನ್ಯ ಗ್ರಹಿಕೆ. ಆದರೆ ಬಹುಪಾಲು ಅಭಿಮಾನಿಗಳ ವಿಷಯದಲ್ಲಿ ತಂಡವು ಆಯ್ದುಕೊಂಡದ್ದಲ್ಲ, ಒದಗಿ ಬಂದದ್ದು. ಮಾತೃಭಾಷೆಯಂತೆ ಅದೂ ಹುಟ್ಟಿದ ಊರು, ಮನೆಯ ಹಿರಿಯರು ಮತ್ತು ಸುತ್ತಲಿನ ಮಾತುಕತೆಗಳಿಂದ ದೊರೆಯುತ್ತದೆ. ಈ ಸಂಗತಿಯನ್ನು ಪರಿಶೀಲಿಸಲು ಕೆನಡಾ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ನಡೆಯುವ ನ್ಯಾಷನಲ್ ಹಾಕಿ ಲೀಗ್ ಒಂದು ಉತ್ತಮ ನಿದರ್ಶನ. ಇಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ.

1917ರ ನವೆಂಬರ್ 26ರಂದು ಮಾಂಟ್ರಿಯಲ್ ನಗರದಲ್ಲಿ ಸ್ಥಾಪಿತವಾದ ಈ ಲೀಗಿನಲ್ಲಿ ಮೊದಲು ಕೆನಡಾದ ತಂಡಗಳು ಮಾತ್ರ ಇದ್ದವು. 1924ರಲ್ಲಿ ಬಾಸ್ಟನ್ ಬ್ರೂಯಿನ್ಸ್ ಸೇರ್ಪಡೆಯೊಂದಿಗೆ ಅದು ಗಡಿಯನ್ನು ದಾಟಿತು. 2021ರಲ್ಲಿ ಸಿಯಾಟಲ್ ತಂಡವು ಸೇರಿದ ಮೇಲೆ ತಂಡಗಳ ಸಂಖ್ಯೆ 32 ಆಯಿತು. ಅವುಗಳಲ್ಲಿ 7 ಮಾತ್ರ ಕೆನಡಾದವು. ಈ ಶತಮಾನದ ಇತಿಹಾಸದಲ್ಲಿ ಭೂಗೋಳವು ಅಭಿಮಾನಿಯ ನಿಷ್ಠೆಯನ್ನು ಹೇಗೆ ರೂಪಿಸಿದೆ, ತಂಡವೇ ಊರು ಬಿಟ್ಟು ಹೋದಾಗ ಆ ನಿಷ್ಠೆಯ ಗತಿಯೇನು ಎಂಬ ಎರಡು ಪ್ರಶ್ನೆಗಳನ್ನು ಪ್ರಸ್ತುತ ಪ್ರಬಂಧವು ಚರ್ಚಿಸುತ್ತದೆ.

ಸಾಮೀಪ್ಯ ಮತ್ತು ಅಧಿಕೃತ ಗಡಿಗಳು

ಭೂಗೋಳದ ಪ್ರಭಾವದಲ್ಲಿ ಮೊದಲು ಕಣ್ಣಿಗೆ ಬೀಳುವುದು ದೂರ. ಕ್ರೀಡಾಂಗಣಕ್ಕೆ ಹೋಗಿ ಆಟ ನೋಡಿ ಅದೇ ರಾತ್ರಿ ಮನೆಗೆ ಮರಳಬಹುದಾದಷ್ಟು ಪ್ರದೇಶವು ಸಹಜವಾಗಿ ಆ ತಂಡದ ನೆಲೆಯಾಗುತ್ತದೆ. ಲೀಗು ಈ ಸಹಜ ವಲಯವನ್ನು ನಿಯಮದ ಮೂಲಕ ಗಟ್ಟಿಗೊಳಿಸಿತು. ಪ್ರತಿಯೊಂದು ತಂಡಕ್ಕೂ ತನ್ನ ನಗರದ ಸುತ್ತಲಿನ 50 ಮೈಲಿ, ಅಂದರೆ ಸುಮಾರು 80 ಕಿಲೋಮೀಟರ್ ಪ್ರದೇಶವು ತವರು ವಲಯವೆಂದು ನಿಗದಿಯಾಯಿತು. 1963ರಲ್ಲಿ ಯುವ ಆಟಗಾರರನ್ನು ಸರದಿಯ ಮೇಲೆ ಆಯ್ಕೆ ಮಾಡುವ ಪದ್ಧತಿ ಆರಂಭವಾಗುವ ಮೊದಲಿನ ದಿನಗಳಲ್ಲಿ ಆ ವಲಯದ ಹುಡುಗರನ್ನು ಸೇರಿಸಿಕೊಳ್ಳುವ ವಿಶೇಷ ಹಕ್ಕೂ ಆಯಾ ತಂಡಕ್ಕಿತ್ತು. ಹೀಗಾಗಿ ಅಭಿಮಾನಿಯು ತನ್ನ ನೆರೆಹೊರೆಯಲ್ಲಿ ಬೆಳೆದ ಹುಡುಗನನ್ನೇ ತನ್ನ ತಂಡದಲ್ಲಿ ಕಾಣುವ ಸಂಭವವಿತ್ತು.

ದೇಶದ ಗಡಿಯು ಈ ಸಾಮೀಪ್ಯಕ್ಕೆ ಯಾವಾಗಲೂ ಅಡ್ಡಿಯಾಗುವುದಿಲ್ಲ. ನದಿಯ ಒಂದು ದಡದಲ್ಲಿ ಕೆನಡಾದ ವಿಂಡ್ಸರ್, ಎದುರು ದಡದಲ್ಲಿ ಅಮೆರಿಕದ ಡೆಟ್ರಾಯಿಟ್. ವಿಂಡ್ಸರ್ ಜನರಲ್ಲಿ ಅನೇಕರು ತಮ್ಮದೇ ಪ್ರಾಂತ್ಯದ ಟೊರಾಂಟೊವನ್ನು ಬಿಟ್ಟು ಡೆಟ್ರಾಯಿಟ್ ತಂಡವನ್ನು ಬೆಂಬಲಿಸುತ್ತಾರೆ. ನಯಾಗರ ಪರ್ಯಾಯ ದ್ವೀಪದ ಕೆನಡಿಯನ್ನರಲ್ಲಿ ಬಫಲೊ ತಂಡದ ಅಭಿಮಾನಿಗಳಿರುವುದಕ್ಕೂ ಇದೇ ಕಾರಣ. ಎರಡು ನಗರಗಳ ನಡುವೆ ಸಿಲುಕಿದ ಪ್ರದೇಶಗಳ ಸ್ಥಿತಿ ಇದಕ್ಕಿಂತ ಜಟಿಲ. ಬಾಸ್ಟನ್ ಮತ್ತು ನ್ಯೂಯಾರ್ಕ್ ನಗರಗಳ ಮಧ್ಯೆ ಇರುವ ಕನೆಕ್ಟಿಕಟ್ ರಾಜ್ಯದಲ್ಲಿ ನಿಷ್ಠೆಯು ಇಬ್ಭಾಗವಾಗಿದೆ. ಅಲ್ಲಿನ ಹಾರ್ಟ್‌ಫರ್ಡ್ ನಗರಕ್ಕೆ 1979ರಲ್ಲಿ ಲೀಗಿನ ಸದಸ್ಯತ್ವ ದೊರೆಯಿತಾದರೂ, 1997ರಲ್ಲಿ ತಂಡವು ದಕ್ಷಿಣದ ನಾರ್ತ್ ಕೆರೊಲಿನಾಕ್ಕೆ ಸ್ಥಳಾಂತರಗೊಂಡಿತು.

ರೇಡಿಯೊ ಅಲೆಗಳ ಭೂಪಟ

ದೂರವೊಂದೇ ನಿರ್ಣಾಯಕವಾಗಿದ್ದಲ್ಲಿ ಕೆನಡಾದ ಬಹುಭಾಗ ಯಾವ ತಂಡದ ಅಭಿಮಾನವೂ ಇಲ್ಲದೆ ಉಳಿಯಬೇಕಾಗಿತ್ತು. 1942ರಿಂದ 1967ರವರೆಗೆ ಲೀಗಿನಲ್ಲಿ ಇದ್ದುದು ಆರೇ ತಂಡಗಳು: ಮಾಂಟ್ರಿಯಲ್, ಟೊರಾಂಟೊ, ಬಾಸ್ಟನ್, ನ್ಯೂಯಾರ್ಕ್, ಡೆಟ್ರಾಯಿಟ್ ಮತ್ತು ಷಿಕಾಗೊ. ಕೆನಡಾದ ಪಶ್ಚಿಮದ ವಿಶಾಲ ಬಯಲು ಪ್ರಾಂತ್ಯಗಳಲ್ಲಾಗಲಿ, ಪೆಸಿಫಿಕ್ ಕರಾವಳಿಯಲ್ಲಾಗಲಿ ಒಂದು ತಂಡವೂ ಇರಲಿಲ್ಲ. ಆದರೂ ಅಲ್ಲಿನ ಮನೆಮನೆಗಳಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ತಂಡದ ಅಭಿಮಾನ ಬೇರೂರಿತು.

ಇದಕ್ಕೆ ಕಾರಣ ರೇಡಿಯೊ. ಫಾಸ್ಟರ್ ಹ್ಯೂಯಿಟ್ 1923ರಲ್ಲಿ ಟೊರಾಂಟೊದಲ್ಲಿ ಹಾಕಿ ವೀಕ್ಷಕ ವಿವರಣೆಯನ್ನು ಆರಂಭಿಸಿದರು. 1931ರಲ್ಲಿ ಮೇಪಲ್ ಲೀಫ್ ಗಾರ್ಡನ್ಸ್ ಕ್ರೀಡಾಂಗಣ ತೆರೆದ ಬಳಿಕ, ಆ ದಶಕದಲ್ಲಿಯೇ ಶನಿವಾರ ರಾತ್ರಿಯ ಅವರ ಧ್ವನಿ ದೇಶದ ಉದ್ದಗಲಕ್ಕೂ ತಲುಪಿತು. ಸಾವಿರಾರು ಕಿಲೋಮೀಟರ್ ದೂರದ ಗೋಧಿಯ ಹೊಲಗಳ ನಡುವಿನ ಮನೆಯಲ್ಲಿ ಕುಳಿತವರು ತಾವು ಎಂದೂ ಕಾಣದ ನಗರದ ತಂಡವನ್ನು ತಮ್ಮದೆಂದು ಭಾವಿಸಿದರು. 1952ರಲ್ಲಿ ದೂರದರ್ಶನ ಪ್ರಸಾರ ಆರಂಭವಾದಾಗ ಮಾಂಟ್ರಿಯಲ್‌ನಿಂದ ಫ್ರೆಂಚ್ ಭಾಷೆಯಲ್ಲಿಯೂ ಟೊರಾಂಟೊದಿಂದ ಇಂಗ್ಲಿಷ್ ಭಾಷೆಯಲ್ಲಿಯೂ ಆಟಗಳು ಬಿತ್ತರಗೊಂಡವು. ಭೌತಿಕ ದೂರಕ್ಕಿಂತ ಪ್ರಸಾರದ ವ್ಯಾಪ್ತಿಯೇ ನಿಷ್ಠೆಯ ಭೂಪಟವನ್ನು ಬರೆಯಿತೆಂದು ಹೇಳಬಹುದು.

ಈ ಪದರವು ಇನ್ನೂ ಅಳಿಸಿಲ್ಲ. ಪಶ್ಚಿಮದಲ್ಲಿ ವ್ಯಾಂಕೂವರ್ 1970ರಲ್ಲಿ, ಎಡ್ಮಂಟನ್ ಮತ್ತು ವಿನ್ನಿಪೆಗ್ 1979ರಲ್ಲಿ, ಕ್ಯಾಲ್ಗರಿ 1980ರಲ್ಲಿ ತಮ್ಮದೇ ತಂಡಗಳನ್ನು ಪಡೆದವು. ಆದರೂ ಟೊರಾಂಟೊ ಅಥವಾ ಮಾಂಟ್ರಿಯಲ್ ತಂಡವು ಅಲ್ಲಿಗೆ ಬಂದಾಗ ಪ್ರೇಕ್ಷಾಂಗಣದಲ್ಲಿ ಅತಿಥಿ ತಂಡದ ಅಂಗಿ ತೊಟ್ಟವರು ದೊಡ್ಡ ಸಂಖ್ಯೆಯಲ್ಲಿ ಕಾಣುತ್ತಾರೆ. ಅಜ್ಜನ ರೇಡಿಯೊ ಮೊಮ್ಮಗನ ಅಂಗಿಯ ಬಣ್ಣವನ್ನು ನಿರ್ಧರಿಸಿದೆ. ಒಟ್ಟಾವ ನಗರದ್ದು ಇನ್ನೂ ವಿಶಿಷ್ಟ ಪ್ರಕರಣ. ಲೀಗಿನ ಸ್ಥಾಪಕ ನಗರಗಳಲ್ಲಿ ಒಂದಾದ ಅದು 1934ರಲ್ಲಿ ತಂಡವನ್ನು ಕಳೆದುಕೊಂಡು, 1992ರಲ್ಲಿ ಮತ್ತೆ ಪಡೆಯಿತು. ನಡುವಿನ 58 ವರ್ಷಗಳಲ್ಲಿ ಅಲ್ಲಿನ ಕುಟುಂಬಗಳು ಮಾಂಟ್ರಿಯಲ್ ಅಥವಾ ಟೊರಾಂಟೊ ಪಕ್ಷ ಹಿಡಿದಿದ್ದವು. ಹೊಸ ತಂಡವು ತನ್ನ ಊರಿನಲ್ಲಿಯೇ ಹೊರಗಿನವರಂತೆ ಆಡಬೇಕಾದ ಸಂದರ್ಭಗಳು ಇದರಿಂದ ಉಂಟಾದವು.

ಭಾಷೆಯೆಂಬ ಭೂಗೋಳ

ಕ್ವಿಬೆಕ್ ಪ್ರಾಂತ್ಯದಲ್ಲಿ ತಂಡನಿಷ್ಠೆಯನ್ನು ಭಾಷೆಯಿಂದ ಬೇರ್ಪಡಿಸಿ ನೋಡಲಾಗದು. ಫ್ರೆಂಚ್ ಭಾಷಿಕರಿಗೆ ಮಾಂಟ್ರಿಯಲ್ ಕೆನೇಡಿಯನ್ಸ್ ಕೇವಲ ತಂಡವಾಗಿರಲಿಲ್ಲ. ಇಂಗ್ಲಿಷ್ ಭಾಷಿಕರ ಕೈಯಲ್ಲಿದ್ದ ಆರ್ಥಿಕ ವ್ಯವಸ್ಥೆಯೊಳಗೆ ತಮ್ಮವರು ಗೆಲ್ಲಬಹುದಾದ ಒಂದು ಕ್ಷೇತ್ರವಾಗಿತ್ತು. 1955ರ ಮಾರ್ಚ್ ತಿಂಗಳಲ್ಲಿ ಆ ತಂಡದ ಮೇರು ಆಟಗಾರ ಮೌರಿಸ್ ರಿಷಾರ್ ಅವರನ್ನು ಲೀಗಿನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಬೆಲ್ ಆ ಋತುವಿನ ಉಳಿದ ಎಲ್ಲ ಪಂದ್ಯಗಳಿಂದ ಅಮಾನತುಗೊಳಿಸಿದರು. ಮಾರ್ಚ್ 17ರಂದು ಮಾಂಟ್ರಿಯಲ್‌ನ ಬೀದಿಗಳಲ್ಲಿ ಗಲಭೆ ಭುಗಿಲೆದ್ದಿತು. ಶಿಕ್ಷೆ ವಿಧಿಸಿದವರು ಇಂಗ್ಲಿಷ್ ಭಾಷಿಕರು, ಶಿಕ್ಷೆಗೊಳಗಾದವರು ಫ್ರೆಂಚ್ ಭಾಷಿಕರು ಎಂಬ ಅಂಶವೇ ಅದಕ್ಕೆ ಕ್ರೀಡೆಯನ್ನು ಮೀರಿದ ಅರ್ಥವನ್ನು ನೀಡಿತು. 1960ರ ದಶಕದ ಕ್ವಿಬೆಕ್ ಜಾಗೃತಿಯ ಮುನ್ಸೂಚನೆಯಾಗಿ ಈ ಘಟನೆಯನ್ನು ಅನೇಕ ಇತಿಹಾಸಕಾರರು ಗುರುತಿಸಿದ್ದಾರೆ.

ರಾಕ್ ಕ್ಯಾರಿಯೆ ಅವರು 1979ರಲ್ಲಿ ಪ್ರಕಟಿಸಿದ, ಇಂಗ್ಲಿಷಿನಲ್ಲಿ ‘ದ ಹಾಕಿ ಸ್ವೆಟರ್’ ಎಂದು ಪ್ರಸಿದ್ಧವಾದ ಕಥೆಯನ್ನು ಇಲ್ಲಿ ಸ್ಮರಿಸಬಹುದು. ಕ್ವಿಬೆಕ್‌ನ ಹಳ್ಳಿಯ ಹುಡುಗನೊಬ್ಬನಿಗೆ ಅಂಚೆಯ ಮೂಲಕ ಮಾಂಟ್ರಿಯಲ್ ಅಂಗಿಯ ಬದಲು ಟೊರಾಂಟೊ ಅಂಗಿ ಬಂದುಬಿಡುತ್ತದೆ. ತಾಯಿಯ ಒತ್ತಾಯಕ್ಕೆ ಅದನ್ನೇ ತೊಡಬೇಕಾದ ಆತ ಓರಗೆಯವರ ನಡುವೆ ಒಂಟಿಯಾಗುತ್ತಾನೆ. ಒಂದು ಊರಿನಲ್ಲಿ ಇನ್ನೊಂದು ಊರಿನ ಬಣ್ಣ ತೊಡುವುದು ಎಂತಹ ಸಾಮಾಜಿಕ ಅಪರಾಧವಾಗಬಲ್ಲದು ಎಂಬುದಕ್ಕೆ ಈ ಕಥೆ ಸಾಕ್ಷಿ.

ಆದರೆ ಒಂದೇ ಭಾಷೆಯವರೊಳಗೂ ಭೂಗೋಳವು ಬಿರುಕು ಮೂಡಿಸಬಲ್ಲದು. ಮಾಂಟ್ರಿಯಲ್‌ನಿಂದ ಸುಮಾರು 250 ಕಿಲೋಮೀಟರ್ ದೂರದ ಕ್ವಿಬೆಕ್ ನಗರಕ್ಕೆ 1979ರಲ್ಲಿ ನಾರ್ಡಿಕ್ಸ್ ತಂಡದ ಮೂಲಕ ಲೀಗಿನಲ್ಲಿ ಸ್ಥಾನ ದೊರೆಯಿತು. 1981ರಲ್ಲಿ ಲೀಗು ತನ್ನ ವಿಭಾಗಗಳನ್ನು ಭೌಗೋಳಿಕ ಆಧಾರದ ಮೇಲೆ ಪುನರ್‌ರಚಿಸಿ, ಅಂತಿಮ ಹಂತದ ಆರಂಭಿಕ ಸರಣಿಗಳನ್ನು ವಿಭಾಗದೊಳಗೇ ಆಡಿಸಲಾರಂಭಿಸಿತು. ನೆರೆಯ ನಗರಗಳು ಮತ್ತೆ ಮತ್ತೆ ಮುಖಾಮುಖಿಯಾದವು. ಕೆನೇಡಿಯನ್ಸ್ ತಂಡ ಮೋಲ್ಸನ್ ಬಿಯರ್ ಸಂಸ್ಥೆಯದು, ನಾರ್ಡಿಕ್ಸ್ ಪ್ರತಿಸ್ಪರ್ಧಿಯಾದ ಕಾರ್ಲಿಂಗ್ ಓಕೀಫ್ ಸಂಸ್ಥೆಯದು ಆಗಿದ್ದುದರಿಂದ ಪಾನಗೃಹದಲ್ಲಿ ಕೇಳುವ ಬಾಟಲಿಯೂ ಪಕ್ಷವನ್ನು ಸೂಚಿಸುತ್ತಿತ್ತು. ಇದೇ ವಿಭಾಗ ರಚನೆಯು ಸುಮಾರು 300 ಕಿಲೋಮೀಟರ್ ಅಂತರದ ಎಡ್ಮಂಟನ್ ಮತ್ತು ಕ್ಯಾಲ್ಗರಿಗಳ ವೈರವನ್ನೂ ಬೆಳೆಸಿತು. ನೆರೆತನವು ವೈರಕ್ಕೆ ನೆಲವನ್ನು ಒದಗಿಸಿದರೆ, ಪಂದ್ಯಗಳ ವೇಳಾಪಟ್ಟಿಯು ಅದಕ್ಕೆ ನೀರೆರೆಯಿತು.

ವಲಸೆ ಮತ್ತು ಹೊತ್ತೊಯ್ದ ನಿಷ್ಠೆ

ಜನರು ಊರು ಬದಲಿಸಿದರೂ ತಂಡವನ್ನು ಬದಲಿಸುವುದು ವಿರಳ. ಲೀಗಿನ ತಂಡವೇ ಇಲ್ಲದ ಕೆನಡಾದ ಅಟ್ಲಾಂಟಿಕ್ ಪ್ರಾಂತ್ಯಗಳಲ್ಲಿ ಮಾಂಟ್ರಿಯಲ್ ಮತ್ತು ಟೊರಾಂಟೊ ತಂಡಗಳ ಜೊತೆಗೆ ಬಾಸ್ಟನ್ ತಂಡಕ್ಕೂ ಗಣನೀಯ ಬೆಂಬಲವಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಈ ಪ್ರಾಂತ್ಯಗಳ ಜನರು ಉದ್ಯೋಗ ಅರಸಿ ನ್ಯೂ ಇಂಗ್ಲೆಂಡ್ ಪ್ರದೇಶಕ್ಕೆ ವಲಸೆ ಹೋದ ಪರಿಣಾಮವಾಗಿ ಬೆಳೆದ ನಂಟು ಅದರ ಹಿಂದಿದೆ. ಫ್ಲಾರಿಡಾದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಚಳಿಗಾಲವನ್ನು ಕಳೆಯಲು ಅಥವಾ ನಿವೃತ್ತಿಯ ನಂತರ ನೆಲೆಸಲು ಉತ್ತರದಿಂದ ಬಂದವರು 1992 ಮತ್ತು 1993ರಲ್ಲಿ ಅಲ್ಲಿ ಹುಟ್ಟಿದ ಎರಡು ತಂಡಗಳ ಆಟಕ್ಕೆ ಹೋಗಿ ತಮ್ಮ ಹಳೆಯ ತಂಡವನ್ನೇ ಹುರಿದುಂಬಿಸಿದರು. ಸ್ಥಳೀಯ ನಿಷ್ಠೆಯು ಗಟ್ಟಿಗೊಳ್ಳಲು ಮಕ್ಕಳ ತಲೆಮಾರು ಬೇಕಾಯಿತು. 2004, 2020 ಮತ್ತು 2021ರಲ್ಲಿ ಟ್ಯಾಂಪಾ ಬೇ, 2024 ಮತ್ತು 2025ರಲ್ಲಿ ಫ್ಲಾರಿಡಾ ಪ್ಯಾಂಥರ್ಸ್ ಗಳಿಸಿದ ಸ್ಟ್ಯಾನ್ಲಿ ಕಪ್ ವಿಜಯಗಳೂ ಅದಕ್ಕೆ ನೆರವಾದವು.

ಭಾರತೀಯ ವಲಸಿಗರೂ ಈ ಕಥನದ ಭಾಗವಾಗಿದ್ದಾರೆ. 2008ರಲ್ಲಿ ಕೆನಡಾದಲ್ಲಿ ಆರಂಭವಾದ ಪಂಜಾಬಿ ಭಾಷೆಯ ಹಾಕಿ ವೀಕ್ಷಕ ವಿವರಣೆಯು ಹೊಸ ನೆಲದ ಆಟವನ್ನು ಹಳೆಯ ಭಾಷೆಯಲ್ಲಿ ಮನೆಯೊಳಗೆ ತಂದಿತು. ಹಿಮದ ಆಟ ಕಾಣದ ನಾಡಿನಿಂದ ಬಂದ ಹಿರಿಯರು ಮೊಮ್ಮಕ್ಕಳೊಡನೆ ಕುಳಿತು ಆ ಊರಿನ ತಂಡವನ್ನು ತಮ್ಮದಾಗಿಸಿಕೊಳ್ಳಲು ಇದರಿಂದ ದಾರಿಯಾಯಿತು.

ತಂಡವೇ ಊರು ಬಿಟ್ಟಾಗ

ಅಭಿಮಾನಿಯು ತಂಡವನ್ನು ಊರಿನದೆಂದು ನಂಬುತ್ತಾನೆ. ಕಾನೂನಿನ ಪ್ರಕಾರ ಅದು ಮಾಲೀಕರದು. ಈ ವೈರುಧ್ಯ ಬಯಲಾಗುವುದು ಸ್ಥಳಾಂತರದ ಸಂದರ್ಭದಲ್ಲಿ. ನಾರ್ಡಿಕ್ಸ್ ತಂಡ 1995ರಲ್ಲಿ ಅಮೆರಿಕದ ಡೆನ್ವರ್ ನಗರಕ್ಕೆ ಹೋಗಿ, ಹೊಸ ಹೆಸರಿನಲ್ಲಿ ಮರುವರ್ಷವೇ ಸ್ಟ್ಯಾನ್ಲಿ ಕಪ್ ಗೆದ್ದಿತು. ವರ್ಷಗಳ ಕಾಲ ಸೋಲನ್ನು ಸಹಿಸಿದ ಕ್ವಿಬೆಕ್ ನಗರಕ್ಕೆ ಗೆಲುವು ದಕ್ಕಲಿಲ್ಲ. ಅಲ್ಲಿ 2015ರಲ್ಲಿ ದೊಡ್ಡ ಕ್ರೀಡಾಂಗಣವೊಂದು ತೆರೆದರೂ ಲೀಗಿನ ತಂಡ ಬರಲಿಲ್ಲ. ಅಷ್ಟಾಗಿಯೂ ಆ ನಗರದ ಎಲ್ಲ ಅಭಿಮಾನಿಗಳು ಮಾಂಟ್ರಿಯಲ್ ಕಡೆಗೆ ಹೊರಳಲಿಲ್ಲ. ಹಳೆಯ ಪ್ರತಿಸ್ಪರ್ಧಿಯನ್ನು ಅಪ್ಪಿಕೊಳ್ಳುವುದಕ್ಕಿಂತ ಇಲ್ಲದ ತಂಡದ ನೀಲಿ ಅಂಗಿಯನ್ನು ತೊಡುವುದು ಅವರಿಗೆ ಉಚಿತವೆನಿಸಿತು.

ವಿನ್ನಿಪೆಗ್‌ನ ಜೆಟ್ಸ್ ತಂಡ 1996ರಲ್ಲಿ ಮರುಭೂಮಿಯ ಅಂಚಿನ ಫೀನಿಕ್ಸ್‌ಗೆ ತೆರಳಿತು. 2011ರಲ್ಲಿ ಅಟ್ಲಾಂಟದ ತಂಡ ವಿನ್ನಿಪೆಗ್‌ಗೆ ಬಂದಾಗ 13,000 ಸೀಸನ್ ಟಿಕೆಟ್‌ಗಳು ಕೆಲವೇ ದಿನಗಳಲ್ಲಿ ಮಾರಾಟವಾದವು. ಬಂದದ್ದು ಬೇರೆಯ ತಂಡ. ಆದರೆ ಅದಕ್ಕೆ ಹಳೆಯ ಹೆಸರನ್ನೇ ಇಡಲಾಯಿತು. ನಿಷ್ಠೆಯು ಆಟಗಾರರಿಗೂ ಮಾಲೀಕರಿಗೂ ಸೇರದೆ, ಊರಿಗೂ ಹೆಸರಿಗೂ ಸೇರಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಫೀನಿಕ್ಸ್ ಭಾಗದ ಅನುಭವವನ್ನು ಕೇವಲ ವೈಫಲ್ಯವೆಂದು ತಳ್ಳಿಹಾಕಲಾಗದು. 2009ರಲ್ಲಿ ದಿವಾಳಿಯಾದ ಆ ತಂಡವನ್ನು ಒಂಟಾರಿಯೊದ ಹ್ಯಾಮಿಲ್ಟನ್‌ಗೆ ಒಯ್ಯಲು ಉದ್ಯಮಿ ಜಿಮ್ ಬಾಲ್ಸಿಲಿ ಮಾಡಿದ ಪ್ರಯತ್ನವನ್ನು ನ್ಯಾಯಾಲಯ ಒಪ್ಪಲಿಲ್ಲ. ಹ್ಯಾಮಿಲ್ಟನ್ ನಗರವು ಟೊರಾಂಟೊದ 50 ಮೈಲಿ ವಲಯದೊಳಗೆ ಇದ್ದುದು ಆ ವಿವಾದದ ಒಂದು ಮುಖ್ಯ ಎಳೆ. ಕೊನೆಗೆ 2024ರಲ್ಲಿ ತಂಡದ ಆಟಗಾರರು ಮತ್ತು ಸಿಬ್ಬಂದಿ ಯೂಟಾದ ಸಾಲ್ಟ್ ಲೇಕ್ ಸಿಟಿಗೆ ವರ್ಗಾವಣೆಗೊಂಡರು. ಆದರೆ ಆ 28 ವರ್ಷಗಳಲ್ಲಿ ಅದೇ ಮರುಭೂಮಿಯಲ್ಲಿ ಆಟ ಕಲಿತ ಆಸ್ಟನ್ ಮ್ಯಾಥ್ಯೂಸ್ 2016ರ ಆಯ್ಕೆಯಲ್ಲಿ ಮೊದಲಿಗರಾಗಿ ಟೊರಾಂಟೊ ಸೇರಿದರು. ಹಿಮವಿಲ್ಲದ ನಾಡಿನಲ್ಲಿಯೂ ಹತ್ತಿರದಲ್ಲೊಂದು ತಂಡವಿದ್ದರೆ ಹೊಸ ಪೀಳಿಗೆ ಹುಟ್ಟುತ್ತದೆ; ಆ ಪೀಳಿಗೆ ಬೆಳೆದು ನಿಲ್ಲುವ ವೇಳೆಗೆ ತಂಡವೇ ಇಲ್ಲವಾಗುವುದೂ ಉಂಟು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ತಂಡನಿಷ್ಠೆಯನ್ನು ರೂಪಿಸುವ ಭೂಗೋಳವು ಕೇವಲ ಮೈಲಿಗಳ ಲೆಕ್ಕವಲ್ಲ. ಪ್ರಸಾರದ ವ್ಯಾಪ್ತಿ, ಭಾಷೆಯ ಎಲ್ಲೆ, ವಲಸೆಯ ದಾರಿ ಮತ್ತು ಲೀಗಿನ ನಿಯಮ ಇವೆಲ್ಲವೂ ಅದರಲ್ಲಿ ಸೇರಿವೆ. ಇವು ಒಂದರ ಮೇಲೊಂದು ಪದರಗಳಾಗಿ ಕೂಡುತ್ತವೆ. ಹೊಸ ಪದರ ಬಂದಾಗ ಹಳೆಯದು ಪೂರ್ಣವಾಗಿ ಅಳಿಯುವುದಿಲ್ಲ.

ಕರ್ನಾಟಕದ ಮಟ್ಟಿಗೆ ಈ ಚರ್ಚೆ ತೀರ ದೂರದ್ದಲ್ಲ. ಮೈದಾನದ ಹಾಕಿಗೆ ಹೆಸರಾದ ಕೊಡಗಿನಲ್ಲಿ, 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟುಂಬದವರು ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವದಲ್ಲಿ ಒಕ್ಕಗಳೇ ತಂಡಗಳು. ಅಲ್ಲಿ ತಂಡವನ್ನು ಕೊಳ್ಳಲೂ ಆಗದು, ಬೇರೆಡೆಗೆ ಒಯ್ಯಲೂ ಆಗದು. ಮತ್ತೊಂದೆಡೆ 2013ರಿಂದ 2017ರವರೆಗೆ ನಡೆದ ಹಾಕಿ ಇಂಡಿಯಾ ಲೀಗ್‌ನಲ್ಲಿ ಕರ್ನಾಟಕದ ಹೆಸರಿನ ತಂಡವೇ ಇರಲಿಲ್ಲ. ಇಲ್ಲಿನ ಆಟಗಾರರು ಬೇರೆ ಊರುಗಳ ಬಣ್ಣದಲ್ಲಿ ಆಡಿದರು. ವೃತ್ತಿಪರ ಲೀಗುಗಳು ನಮ್ಮಲ್ಲಿಯೂ ಬೇರೂರುತ್ತಿರುವಾಗ, ತಂಡದ ಮೇಲೆ ಹಣ ಹೂಡಿದವರ ಹಕ್ಕಿನ ಜೊತೆಗೆ ಅದರ ಮೇಲೆ ತಲೆಮಾರುಗಳ ಮಮತೆ ಹೂಡಿದ ಊರಿನ ಹಕ್ಕನ್ನೂ ಚಿಂತಿಸಬೇಕಾಗಿದೆ. ಕ್ವಿಬೆಕ್ ಮತ್ತು ವಿನ್ನಿಪೆಗ್ ನಗರಗಳ ಇತಿಹಾಸವು ಈ ದಿಸೆಯಲ್ಲಿ ಅಧ್ಯಯನಯೋಗ್ಯವಾಗಿದೆ.