ಅರಳೆಯ ಎಳೆಯೂ ನೂಲಿನ ಬಲವೂ: ಗಣಕಯಂತ್ರದ ಲೆಕ್ಕದಿಂದ ತಿಳಿದುಬರುವ ಸಂಗತಿಗಳು

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಎರೆಭೂಮಿಯಲ್ಲಿ ಹತ್ತಿಯ ಬೇಸಾಯವು ಬಹುಕಾಲದಿಂದ ನಡೆದುಬಂದಿರುವುದು. ಆದರೂ ತಾವು ಬೆಳೆದ ಅರಳೆಯು ನೂಲಿನ ಗಿರಣಿಯನ್ನು ಸೇರಿದ ಮೇಲೆ ಏನಾಗುವುದೆಂಬುದನ್ನು ವಿಚಾರಿಸುವ ಭೂಮಾಲೀಕರು ವಿರಳ. ಒಂದೇ ಊರಿನ ಎರಡು ರಾಶಿಗಳಿಗೆ ಎರಡು ಬೆಲೆ ಬರುವುದರ ಕಾರಣವು ಬಹುಮಟ್ಟಿಗೆ ಅಲ್ಲಿಯೇ ಅಡಗಿದೆ.

ಸತ್ಯನಾರಾಯಣಪೇಟೆಯಲ್ಲಿ ಕೊಂಡ ಹತ್ತಿಬಟ್ಟೆಯೊಂದರ ಅಂಚಿನಿಂದ ಒಂದು ಒಂಟಿ ನೂಲನ್ನು ಸೆಳೆದು, ಅದರ ಹುರಿಯನ್ನು ಪೂರ್ತಿಯಾಗಿ ಬಿಚ್ಚಿ ಎಳೆದು ನೋಡಬಹುದು. ಎಳೆಗಳು ಒಂದರ ಮೇಲೊಂದು ಜಾರಿ ನೂಲು ಬೇರೆಯಾಗುವುದೇ ಹೊರತು ಎಳೆಗಳು ಹರಿಯುವುದಿಲ್ಲ. ಹುರಿಯಿದ್ದಾಗ ಎಳೆದಷ್ಟೂ ಎಳೆಗಳು ಒಂದನ್ನೊಂದು ಒತ್ತಿ ಹಿಡಿಯುವುವು. ಆ ಹಿಡಿತವೇ ನೂಲಿನ ಬಲಕ್ಕೆ ಮೂಲ. ಬಾವಿಯ ಹಗ್ಗ ಹೊಸೆಯುವವರಿಗೆ ಇದು ತಿಳಿದ ವಿಷಯ. ಹುರಿ ಅತಿಯಾದರೆ ಹಗ್ಗವು ಗಂಟಿಕ್ಕಿ ಬಲಗುಂದುವುದನ್ನೂ ಅವರು ಬಲ್ಲರು.

30ನೆಯ ನಂಬರಿನ ನೂಲನ್ನು ತೆಗೆದುಕೊಳ್ಳೋಣ. ಇದರ ಒಂದು ಪೌಂಡಿನಲ್ಲಿ 840 ಗಜದ ಲಡಿಗಳು 30 ಇರುವುವು. ಮೈಕ್ರೋನೇರ್ 4 ಇರುವ, ಅಂದರೆ ಅಂಗುಲವೊಂದಕ್ಕೆ ಗ್ರಾಮಿನ ಹತ್ತು ಲಕ್ಷದಲ್ಲಿ 4 ಪಾಲು ತೂಗುವ ಅರಳೆಯಿಂದ ಇದನ್ನು ನೂತರೆ, ನೂಲಿನ ಅಡ್ಡಕೊಯ್ತದಲ್ಲಿ ಸುಮಾರು 125 ಎಳೆಗಳು ಬರುವುವು. ಅಂಗುಲಕ್ಕೆ ಸುಮಾರು 22 ಸುತ್ತು ಹುರಿ ಕೊಟ್ಟಾಗ ಹೊರಮೈಯ ಎಳೆಗಳು ಸುಮಾರು 24 ಅಂಶ ಓರೆಯಾಗುವುವು. ಈ ಓರೆಯಿಂದ ಎಷ್ಟು ಬಲ ನಷ್ಟವಾಗುವುದೆಂಬ ಸೂತ್ರವನ್ನು ಗೆಗೋಫ್ ಎಂಬಾತನು 1907ರಲ್ಲಿಯೇ ಕೊಟ್ಟನು. ಅದರಂತೆ ಇಲ್ಲಿ ನಷ್ಟವು ಹೆಚ್ಚೆಂದರೆ ಆರರಲ್ಲೊಂದು ಪಾಲು. 1926ರಲ್ಲಿ ಇಂಗ್ಲೆಂಡಿನ ಪಿಯರ್ಸ್ ಎಂಬ ವಿದ್ವಾಂಸನು, ಸರಪಳಿಯಂತೆ ನೂಲು ಕೂಡ ತನ್ನ ಅತ್ಯಂತ ದುರ್ಬಲವಾದ ಸ್ಥಳದಲ್ಲಿ ಹರಿಯುವುದೆಂದೂ, ಆದ್ದರಿಂದ ಉದ್ದವಾದ ನೂಲು ತುಂಡುನೂಲಿಗಿಂತ ಸರಾಸರಿಯಲ್ಲಿ ಬೇಗ ಹರಿಯುವುದೆಂದೂ ಗಣಿತದಿಂದ ತೋರಿಸಿದನು.

ಇವೆರಡೂ ಲೇಖನಿಯಿಂದ ಸಾಧ್ಯವಾದ ಲೆಕ್ಕಗಳು. ಆದರೆ ಪ್ರತಿಯೊಂದು ಎಳೆಯ ಗತಿಯನ್ನೂ ಹಿಂಬಾಲಿಸುವುದು ಮನುಷ್ಯಮಾತ್ರದಿಂದ ಆಗದ ಕೆಲಸ. ಕಂಪ್ಯೂಟರ್ ಎಂಬ ಗಣಕಯಂತ್ರದಲ್ಲಿ ಒಂದೊಂದು ಎಳೆಯನ್ನೂ ನೂರಾರು ಚಿಕ್ಕ ಕಡ್ಡಿಗಳ ಸರಪಳಿಯೆಂದು ಕಲ್ಪಿಸಿ, ಅದರ ಉದ್ದ, ದಪ್ಪ, ಬಿಗುಪು, ಬಲ, ಘರ್ಷಣೆಗಳನ್ನು ಅಂಕಿಗಳಾಗಿ ಕೊಡುವರು. ಬಳಿಕ ನೂಲನ್ನು ಲೆಕ್ಕದಲ್ಲಿಯೇ ಕೂದಲೆಳೆಯಷ್ಟು ಎಳೆದು, ಯಾವ ಎಳೆ ಯಾವುದನ್ನು ಎಷ್ಟು ಒತ್ತಿತು, ಯಾವುದು ಜಾರಿತು, ಯಾವುದು ಹರಿಯಿತೆಂಬುದನ್ನು ಹೆಜ್ಜೆಹೆಜ್ಜೆಗೂ ಎಣಿಸುವರು. ಹರಿದ ಎಳೆಯ ಹೊರೆಯು ನೆರೆಯ ಎಳೆಗಳ ಮೇಲೆ ಬೀಳುವುದು. ಅವೂ ಸೋತರೆ ನೂಲು ಹರಿಯುವುದು.

ಬೆಳೆಗಾರರು ಲಕ್ಷ್ಯಕೊಡತಕ್ಕ ಸಂಗತಿಯು ಎಳೆಯ ತುದಿಗಳದು. ತುದಿಯ ಬಳಿ ಹಿಡಿತವು ಸಾಲದೆ ಎಳೆಯು ಜಾರುವುದು. ಉದಾಹರಣೆಗಾಗಿ ಎರಡು ತುದಿಗಳಲ್ಲಿಯೂ 5 ಮಿಲಿಮೀಟರು ವ್ಯರ್ಥವೆಂದಿಟ್ಟುಕೊಂಡರೆ, 30 ಮಿಲಿಮೀಟರಿನ ಎಳೆಯಲ್ಲಿ 20 ಕೆಲಸಕ್ಕೆ ಬರುವುದು. 12 ಮಿಲಿಮೀಟರಿನದರಲ್ಲಿ ಕೇವಲ 2. ಗಿಡ್ಡ ಎಳೆಯು ತೂಕಕ್ಕುಂಟು, ಬಲಕ್ಕಿಲ್ಲ. ಅದು ಹೆಚ್ಚು ಕೂಡಿದ ಜಾಗವೇ ಪಿಯರ್ಸನು ಹೇಳಿದ ದುರ್ಬಲ ಸ್ಥಳವಾಗುವುದು.

ಆದಕಾರಣ ಉತ್ತಮವಾದ ಮೊದಲ ಬಿಡಿಸಿಕೆಯ ಹತ್ತಿಯೊಡನೆ ಕಡೆಯ ಬಿಡಿಸಿಕೆಯದನ್ನೋ ಬೇರೆ ತಳಿಯದನ್ನೋ ಸೇರಿಸಿ ರಾಶಿಯನ್ನು ದೊಡ್ಡದು ಮಾಡುವುದು ಲಾಭವೆಂದು ತೋರಿದರೂ ನಷ್ಟಕರ. ಸರಿಯಾಗಿ ಬಲಿಯದ ಎಳೆಯ ಗೋಡೆಯು ತೆಳುವಾಗಿದ್ದು ಹಿಂಜುವಾಗ ತುಂಡಾಗುವುದು, ಗಂಟುಗಟ್ಟುವುದು. ಬಣ್ಣವನ್ನೂ ಸರಿಯಾಗಿ ಹೀರದು. ಜೀನ್ಸ್ ಉಡುಪಿನ ಹೊಲಿಗೆಗೆ ಹೆಸರಾದ ಬಳ್ಳಾರಿಯಲ್ಲಿ ನೀಲಿಬಟ್ಟೆಯ ಮೇಲಿನ ಬಿಳಿಯ ಚುಕ್ಕೆಯು ಎಂಥ ದೋಷವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಣಕಯಂತ್ರವೇ ಸರ್ವಜ್ಞವೆಂದು ಭಾವಿಸಲಾಗದು. ಎಳೆಗಳ ಘರ್ಷಣೆ, ಅವುಗಳ ಸಹಜವಾದ ತಿರುವು, ಹವೆಯ ತೇವ ಇವುಗಳನ್ನು ನಿಖರವಾಗಿ ಅಳೆದು ಕೊಡುವುದು ಕಷ್ಟ. ಕೊಟ್ಟ ಅಂಕಿ ತಪ್ಪಾದರೆ ಬಂದ ಉತ್ತರವೂ ತಪ್ಪು. ಆದ್ದರಿಂದ ನಿಜವಾದ ನೂಲನ್ನು ಎಳೆದು ಹರಿಸಿ ಲೆಕ್ಕವನ್ನು ತಾಳೆನೋಡಲೇಬೇಕು. ಅರಳೆಯ ಗುಣಗಳನ್ನು ಅಳೆಯುವ ಕೆಲಸಕ್ಕಾಗಿ 1924ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ಸ್ಥಾಪಿತವಾದ ಪ್ರಯೋಗಶಾಲೆಯು ಈಗ ಹತ್ತಿ ತಂತ್ರಜ್ಞಾನದ ಕೇಂದ್ರೀಯ ಸಂಶೋಧನಾ ಸಂಸ್ಥೆಯಾಗಿದೆ.

ಗ್ರಾಮದ ಪ್ರಮುಖರು ಬಿಡಿಸಿಕೆಗೊಂದರಂತೆ ರಾಶಿಗಳನ್ನು ಬೇರೆಬೇರೆಯಾಗಿ ಇಡಿಸಿ, ತಳಿಯ ಹೆಸರನ್ನೂ ಬಿಡಿಸಿದ ದಿನವನ್ನೂ ಬರೆಯಿಸತಕ್ಕದ್ದು. ಪರೀಕ್ಷೆಗೆ ಮಾದರಿ ತೆಗೆಯುವಾಗ ರಾಶಿಯ ಮೇಲಿನಿಂದ ಮಾತ್ರವಲ್ಲದೆ ನಡುವಿನಿಂದಲೂ ತಳದಿಂದಲೂ ಹಿಡಿಹಿಡಿಯಾಗಿ ತೆಗೆದು ಬೆರೆಸತಕ್ಕದ್ದು.