ಕುಂಟುವ ನಾಯಿಯೂ ಸತ್ಯ ನುಡಿಯುವ ತಕ್ಕಡಿಯೂ

ಭಾಲ್ಕಿಯ ಸುತ್ತಣ ಹಳ್ಳಿಗಳಲ್ಲಿ ಹೊಲ ಕಾಯುವ, ಕುರಿ ಕಾಯುವ ನಾಯಿಗಳನ್ನು ಕಾಣದವರು ಯಾರು? ಎಳವೆಯಲ್ಲಿ ಗಾಳಿಯಂತೆ ಓಡುತ್ತಿದ್ದ ಅಂಥದೊಂದು ನಾಯಿ ಮುದಿಯಾದ ಮೇಲೆ ಚಳಿಗಾಲದ ಬೆಳಗಿನಲ್ಲಿ ಏಳಲು ತಿಣುಕುತ್ತದೆ. ಹಿಂಗಾಲನ್ನು ಎಳೆಯುತ್ತ ನಡೆಯುತ್ತದೆ. ಆಗ ಒಡೆಯನಿಗೆ ಸಲಹೆಗಳ ಕೊರತೆಯಿರುವುದಿಲ್ಲ. ಕಾದ ಕಬ್ಬಿಣದಿಂದ ಬರೆ ಹಾಕೆಂದು ಒಬ್ಬರು, ಎಣ್ಣೆ ತಿಕ್ಕೆಂದು ಮತ್ತೊಬ್ಬರು. ನಗರಗಳಲ್ಲಾದರೋ ಸೂಜಿಚಿಕಿತ್ಸೆ, ಲೇಸರ್ ಕಿರಣ, ಜಲಚಿಕಿತ್ಸೆಗಳ ಮಾತು. ಇವುಗಳಲ್ಲಿ ಯಾವುದನ್ನು ನಂಬಬೇಕು? ಈ ಪ್ರಶ್ನೆಯನ್ನು ಬಿಡಿಸುವುದರಲ್ಲಿ ಭೌತವಿಜ್ಞಾನಕ್ಕೂ ಪಾಲುಂಟೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ಮೊದಲು ಬೇನೆಯ ಸ್ವರೂಪವನ್ನು ನೋಡೋಣ. ಕೀಲಿನಲ್ಲಿ ಕೂಡುವ ಎಲುಬುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯುಂಟು. ಅದು ಸವೆದರೆ ಕೀಲು ಬಾತು ನೋಯುತ್ತದೆ, ಇದು ಸಂಧಿವಾತ. ಬೆನ್ನಿನ ತೊಂದರೆಯ ಬಗೆ ಬೇರೆ. ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂಥ ಬಿಲ್ಲೆಗಳಿವೆ. ಬಿಲ್ಲೆ ಕೆಟ್ಟು ಬೆನ್ನುಹುರಿಯನ್ನು ಒತ್ತಿದರೆ ನೋವು, ಅದು ಮೀರಿದರೆ ಹಿಂಗಾಲುಗಳ ಲಕ್ವ. ಸ್ವೀಡನ್ನಿನ ಹ್ಯಾನ್ಸೆನ್ ಎಂಬ ವಿಜ್ಞಾನಿಯು 1952ರಲ್ಲಿ ಈ ಕೆಡುಕನ್ನು ಎರಡು ವಿಧವಾಗಿ ವಿಂಗಡಿಸಿದನು: ತಿರುಳು ಹಠಾತ್ತನೆ ಚಿಮ್ಮುವುದು ಒಂದು, ಬಿಲ್ಲೆ ಮೆಲ್ಲಮೆಲ್ಲನೆ ಉಬ್ಬುವುದು ಇನ್ನೊಂದು. ಗಿಡ್ಡಕಾಲಿನ ಡ್ಯಾಷ್‌ಹುಂಡ್ ನಾಯಿಗಳಲ್ಲಿ ಮೊದಲನೆಯದು ಹೆಚ್ಚು.

ಇನ್ನು ಜಲಚಿಕಿತ್ಸೆ. ಇದರ ಹಿಂದಿರುವುದು ಆರ್ಕಿಮಿಡೀಸನ ತತ್ತ್ವ. ಮುಳುಗಿದ ಭಾಗವು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುವುದೋ ಅಷ್ಟು ನೀರಿನ ತೂಕದಷ್ಟೇ ಬಲವು ದೇಹವನ್ನು ಮೇಲಕ್ಕೆ ಒತ್ತುತ್ತದೆ. ನೀರಿನಲ್ಲಿ ನಿಂತ ನಾಯಿಗಳ ಕಾಲ ಮೇಲಿನ ಭಾರವನ್ನು ಅಳೆದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ನೀರು ಹಿಂಗಾಲಿನ ಹಿಮ್ಮಡಿಯ ಮಟ್ಟಕ್ಕಿದ್ದಾಗ ಕಾಲುಗಳು ದೇಹದ ತೂಕದ ಶೇಕಡಾ 91ನ್ನು ಹೊರುತ್ತಿದ್ದವು. ಮೊಣಕಾಲಿನ ಮಟ್ಟದಲ್ಲಿ 85. ಸೊಂಟದ ಕೀಲಿನ ಮಟ್ಟದಲ್ಲಿ ಕೇವಲ 38. ಎಂದರೆ 20 ಕಿಲೋಗ್ರಾಂ ತೂಗುವ ನಾಯಿಯ ಕಾಲುಗಳ ಮೇಲೆ ಬೀಳುವುದು ಸುಮಾರು ಏಳೂವರೆ ಕಿಲೋಗ್ರಾಂ ಭಾರ ಮಾತ್ರ. ಭಾರ ಇಳಿಯಿತು; ಆದರೆ ನೀರನ್ನು ದೂಡಿ ನಡೆಯಬೇಕಾದುದರಿಂದ ಸ್ನಾಯುಗಳಿಗೆ ದುಡಿಮೆ ಉಳಿಯಿತು. ಕಾರಣವು ಸ್ಪಷ್ಟವಾಗಿರುವ ಉಪಚಾರವಿದು. ಆದರೂ ಬೆನ್ನು ನೊಂದ ನಾಯಿಯನ್ನು ವೈದ್ಯರ ಅಪ್ಪಣೆಯಿಲ್ಲದೆ ಕಾರಂಜಾ ಜಲಾಶಯದ ಹಿನ್ನೀರಿಗೆ ಇಳಿಸುವುದು ಸಲ್ಲದು. ಜಾರುವ ದಡವೂ ತಣ್ಣೀರೂ ಹಾನಿ ಮಾಡಬಲ್ಲವು.

ಉಳಿದ ಉಪಚಾರಗಳ ಗತಿಯೇನು? “ನಾಯಿಗೆ ನಂಬಿಕೆಯ ಭ್ರಮೆ ಇಲ್ಲವಷ್ಟೆ, ಗುಣ ಕಂಡರೆ ಅದು ನಿಜವೇ” ಎಂದು ಕೆಲವರು ವಾದಿಸುವುದುಂಟು. ನಾಯಿಗೆ ಇಲ್ಲದಿರಬಹುದು, ಒಡೆಯನಿಗೆ ಉಂಟು! ಇದನ್ನು ಬಯಲಿಗೆಳೆದದ್ದು ಬಲಮಾಪಕ ಫಲಕ. ನಾಯಿಯು ಫಲಕವನ್ನು ಎಷ್ಟು ಬಲದಿಂದ ಒತ್ತುವುದೋ ಅಷ್ಟೇ ಬಲದಿಂದ ಫಲಕವು ಪಾದವನ್ನು ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮ. ನೋಯುವ ಕಾಲು ಕಡಿಮೆ ಒತ್ತುತ್ತದೆ. ಕೇವಲ ಹುಸಿಮದ್ದು ಕೊಟ್ಟ 58 ನಾಯಿಗಳ ಪರೀಕ್ಷೆಯೊಂದು 2012ರಲ್ಲಿ ಪ್ರಕಟವಾಯಿತು. ಫಲಕವು ಸುಧಾರಣೆಯನ್ನು ತೋರದಿದ್ದಾಗಲೂ ಒಡೆಯರು ಮಾತ್ರವಲ್ಲ, ಪಶುವೈದ್ಯರೂ ಹಲವು ಸಲ “ಗುಣವಾಗಿದೆ” ಎಂದರು. ಸಂಧಿವಾತವು ತಾನಾಗಿಯೇ ಏರಿಳಿಯುವ ಬೇನೆ. ಅದು ಉಲ್ಬಣಿಸಿದ ದಿನ ಬರೆ ಹಾಕುತ್ತಾರೆ. ವಾರದಲ್ಲಿ ಬೇನೆ ತಾನೇ ಇಳಿದರೆ ಕೀರ್ತಿಯು ಕಬ್ಬಿಣಕ್ಕೆ! ನಾಯಿಗೆ ದೊರೆತುದು ಸುಟ್ಟ ಗಾಯ ಮಾತ್ರ. ಪ್ರಾಣಿಗಳನ್ನು ಹೀಗೆ ವೃಥಾ ಹಿಂಸಿಸುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾನೂನಿಗೂ ವಿರುದ್ಧ. ಸೂಜಿಚಿಕಿತ್ಸೆ, ಲೇಸರ್‌ಗಳ ಪರೀಕ್ಷೆಗಳು ಬಹುಮಟ್ಟಿಗೆ ಸಣ್ಣವು, ಫಲವೂ ಮಿಶ್ರ. ವೈದ್ಯರ ಚಿಕಿತ್ಸೆಯ ಜೊತೆಗೆ ಅವು ಇರಬಹುದು, ಬದಲಿಗೆ ಅಲ್ಲ.

ಕಾಸಿನ ಖರ್ಚಿಲ್ಲದ ಉಪಾಯವೊಂದುಂಟು: ಮಿತಾಹಾರ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿಜೋಡಿಯಾಗಿ ಸಾಕಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇಕಡಾ 25ರಷ್ಟು ಕಡಿಮೆ ಆಹಾರ ಕೊಟ್ಟರು. 2002ರಲ್ಲಿ ಹೊರಬಂದ ವರದಿಯಂತೆ, ಮಿತವಾಗಿ ಉಂಡವುಗಳ ಮಧ್ಯಕ ಆಯುಸ್ಸು 13 ವರ್ಷ, ಉಳಿದವುಗಳದು 11.2. ಸಂಧಿವಾತವೂ ಅವಕ್ಕೆ ತಡವಾಗಿ ಬಂದಿತು.

ಎರಡು ಎಚ್ಚರಿಕೆಗಳು. ಮನುಷ್ಯರ ನೋವಿನ ಮಾತ್ರೆಯನ್ನು ನಾಯಿಗೆ ಕೊಡಲೇಬಾರದು. ಐಬುಪ್ರೊಫೆನ್ ಅದರ ಜಠರದಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡವನ್ನು ಕೆಡಿಸೀತು. ಎರಡನೆಯದಾಗಿ, ನಾಯಿ ಹಠಾತ್ತನೆ ಹಿಂಗಾಲು ಎಳೆಯತೊಡಗಿದರೆ, ಇಲ್ಲವೆ ಮೂತ್ರ ಕಟ್ಟಿದರೆ, ಯಾವ ಮನೆಮದ್ದಿಗೂ ಕಾಯದೆ ಅಂದೇ ವೈದ್ಯರಲ್ಲಿಗೆ ಒಯ್ಯಬೇಕು. ಪಶುವೈದ್ಯಕೀಯ ಮಹಾವಿದ್ಯಾಲಯವು ಬೀದರಿನಲ್ಲಿಯೇ ಇರುವುದು ನಮ್ಮ ಭಾಗ್ಯ.

ವಿದ್ಯಾರ್ಥಿ ಮಿತ್ರರು ಸ್ವತಃ ಮಾಡಬಹುದಾದ ಪ್ರಯೋಗವೊಂದಿದೆ. ಒಂದೇ ಎತ್ತರದ ಎರಡು ತೂಕದ ಯಂತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು, ಮುಂಗಾಲುಗಳಿಗೆ ಅದೇ ಎತ್ತರದ ಹಲಗೆ ಹಾಕಿ, ನಾಯಿಯ ಎಡ ಮತ್ತು ಬಲ ಹಿಂಗಾಲುಗಳನ್ನು ಒಂದೊಂದು ಯಂತ್ರದ ಮೇಲೆ ನಿಲ್ಲಿಸಿರಿ. ನಾಯಿ ನೇರವಾಗಿ ಮುಂದೆ ನೋಡುತ್ತಿರುವಾಗ ಹತ್ತು ಸಲ ಅಂಕಿ ಬರೆದು ಸರಾಸರಿ ತೆಗೆಯಿರಿ. ಚಿಕಿತ್ಸೆ ಎಂದು ನಡೆಯಿತೆಂಬುದನ್ನು ಅರಿಯದವನೊಬ್ಬನು ಅಂಕಿಗಳನ್ನು ಓದಲಿ. ವಾರವಾರಕ್ಕೆ ನೋಯುವ ಕಾಲು ಹೆಚ್ಚು ಭಾರ ಹೊರುತ್ತ ಬಂದರೆ ಚಿಕಿತ್ಸೆಯನ್ನು ಮುಂದುವರಿಸಲು ಆಧಾರ ದೊರೆಯಿತು. ಇಲ್ಲವಾದರೆ ವೈದ್ಯರನ್ನು ಮತ್ತೆ ಕೇಳಬೇಕು. ನೋವನ್ನು ಬಾಯಿಬಿಟ್ಟು ಹೇಳಲಾರದ ಪ್ರಾಣಿಯ ಪರವಾಗಿ ತಕ್ಕಡಿಯಾದರೂ ನುಡಿಯಲಿ.