ನೆನೆದ ನಾಯಿಗೆ ನಮ್ಮೂರ ಚಳಿಯೂ ಹೆಚ್ಚೇ

ಡಿಸೆಂಬರ್ ಮೊದಲ ವಾರ. ಭತ್ತ ಹಾಲುಗಟ್ಟಿತ್ತು. ಹಂದಿ ಕಾಟ ತಡೆಯಲಾರದೆ ಗದ್ದೆ ಗುಡಿಸಲಲ್ಲಿ ಕಾವಲು ಮಲಗಿದ್ದೆ. ನಡುರಾತ್ರಿ ನಮ್ಮ ಕರಿಯ ಹಂದಿ ಹಿಂಡನ್ನು ಅಟ್ಟಿಕೊಂಡು ಹೋಗಿ ಕಬಿನಿ ನಾಲೆಗೆ ಬಿದ್ದು, ಈಜಿ ದಡ ಹತ್ತಿ ಬಂತು. ಮೈಯೆಲ್ಲ ತೊಪ್ಪೆ. ‘ಶಹಭಾಸ್’ ಅಂತ ತಲೆ ಸವರಿ ಹೊರಗೆ ಕಟ್ಟಿ ಮಲಗಿಬಿಟ್ಟೆ. ಸ್ವಲ್ಪ ಹೊತ್ತು ಗಡಗಡ ನಡುಗುವುದು ಕೇಳಿಸ್ತು. ಆಮೇಲೆ ಸದ್ದಿಲ್ಲ. ನಿದ್ದೆ ಹತ್ತಿತು ಅಂದುಕೊಂಡೆ. ಬೆಳಗ್ಗೆ ನೋಡಿದರೆ ಕೊರಡಿನ ಹಾಗೆ ಸೆಟೆದು ಬಿದ್ದಿತ್ತು.

‘ಯಾರೋ ವಿಷ ಇಟ್ಟವ್ರೆ ಕಣಣ್ಣ’ ಅಂದರು ಪಕ್ಕದ ಗದ್ದೆಯವರು. ನಾನೂ ನಂಬಿ ಮೂರ್ನಾಲ್ಕು ಜನರನ್ನು ಅನುಮಾನದಿಂದ ನೋಡಿದೆ. ಪಶುವೈದ್ಯರ ಹತ್ತಿರ ಹೇಳಿಕೊಂಡಾಗ ಅವರು ಕೇಳಿದ್ದು ಇಷ್ಟೇ: ‘ನಡುಕ ನಿಂತಾಗ ಎದ್ದು ನೋಡಿದ್ರಾ?’ ವಾಂತಿ, ನೊರೆ ಏನೂ ಇರಲಿಲ್ಲ. ಶವಪರೀಕ್ಷೆ ಮಾಡಿಸದ ಕಾರಣ ನೂರಕ್ಕೆ ನೂರು ಹೇಳಲಾಗದು. ಆದರೆ ನಾಯಿ ಚಳಿಗೇ ಹೋಗಿದೆ ಎಂಬುದು ಅವರ ಅಭಿಪ್ರಾಯ.

ನಂಜನಗೂಡು, ತಿ. ನರಸೀಪುರದಲ್ಲಿ ಎಂಥ ಚಳಿ ಎಂದು ನೀವು ಕೇಳಬಹುದು. ಡಿಸೆಂಬರ್-ಜನವರಿಯ ಕೆಲವು ರಾತ್ರಿ 13-14 ಡಿಗ್ರಿಗೆ ಇಳಿಯುತ್ತದೆ. ಮೈ ಒಣಗಿರುವ ನಾಯಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಮೈ ನೆನೆದು, ಮೂಡಲ ಗಾಳಿ ಬೀಸಿ, ಹಂದಿ ಅಟ್ಟಿ ಸುಸ್ತಾಗಿದ್ದರೆ ಮಾತು ಬೇರೆ. ಕರಿಯ ಮುಧೋಳದ ಬೆರಕೆ. ಮುಧೋಳ ನಾಯಿಗೆ ತೆಳು ಕೂದಲು, ಚರ್ಮದಡಿ ಕೊಬ್ಬಿಲ್ಲ, ಹೊಟ್ಟೆ ಬೆನ್ನಿಗಂಟಿದ ಹಾಗೆ. ಬಾಗಲಕೋಟೆ ಕಡೆಯ ಒಣ ಬಯಲಲ್ಲಿ ಓಡಲು ಹೇಳಿ ಮಾಡಿಸಿದ ಮೈ ಅದು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಈ ತಳಿಯ ಮರಿಗಳನ್ನು ಈಗ ನಮ್ಮ ಕಡೆಯವರೂ ತರುತ್ತಾರೆ. ಬೇಟೆನಾಯಿ ಅಂತ ಕರೆದರೂ 1972ರ ವನ್ಯಜೀವಿ ಕಾಯ್ದೆಯಿಂದಾಗಿ ಬೇಟೆಗೆ ಬಿಡುವ ಹಾಗಿಲ್ಲ. ಬೆಳೆ ಕಾವಲಿಗೆ ಸಾಕುವುದಷ್ಟೇ.

ನಾಯಿಯ ಸಹಜ ಮೈಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 99ಕ್ಕಿಂತ ಕೆಳಗಿಳಿದರೆ ತಣ್ಣಗಾಗುತ್ತಿದೆ ಎಂದರ್ಥ. ನಡುಗುವಷ್ಟು ಹೊತ್ತು ಅದು ತನ್ನ ಕಾವನ್ನು ತಾನೇ ಹುಟ್ಟಿಸಿಕೊಳ್ಳುತ್ತಿರುತ್ತದೆ. ಮೈ ಒಣಗದೆ, ಬೆಚ್ಚಗಾಗದೆ ನಡುಕ ನಿಂತರೆ ಅದು ಆರಾಮ ಅಲ್ಲ, ಶಕ್ತಿ ಮುಗಿಯಿತು ಅಂತ. ಒಸಡು ಬಿಳಚಿಕೊಂಡಿರುತ್ತದೆ, ಕೂಗಿದರೆ ಕಿವಿ ನಿಮಿರಿಸುವುದಿಲ್ಲ, ಎದ್ದರೆ ತೂರಾಡುತ್ತದೆ.

ಕಳೆದ ಪುಷ್ಯದಲ್ಲಿ ಈಗಿನ ನಾಯಿಗೂ ಹೀಗೇ ಆಯ್ತು. ಈ ಸಲ ಥರ್ಮಾಮೀಟರ್ ಇಟ್ಟುಕೊಂಡಿದ್ದೆ (ನಾಯಿಗೇ ಅಂತ ಬೇರೆ!). ತುದಿಗೆ ಎಣ್ಣೆ ಸವರಿ ಗುದದ್ವಾರದಲ್ಲಿಟ್ಟು ನೋಡಿದರೆ 96. ಮೊದಲು ಒಳಗೆ ತಂದು ಒಣ ಬಟ್ಟೆಯಿಂದ ಒತ್ತಿ ಒತ್ತಿ ನೀರು ತೆಗೆದೆ. ಗೋಣಿ ತಾಟಿನ ಮೇಲೆ ಮಲಗಿಸಿ ಕಂಬಳಿ ಹೊದಿಸಿದೆ. ಎರಡು ಪ್ಲಾಸ್ಟಿಕ್ ಬಾಟ್ಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಎದೆಗೊಂದು ಹೊಟ್ಟೆಗೊಂದು ಒರಗಿಸಿದೆ. ಬಿಸಿ ಎಷ್ಟಿರಬೇಕೆಂದರೆ, ನಮ್ಮ ಮೊಳಕೈ ಒಳಭಾಗಕ್ಕೆ ಹಿತವಾಗುವಷ್ಟು. ಕಾವು ಮೊದಲು ಮುಂಡಕ್ಕೆ ಸಿಗಬೇಕು. ಕಾಲು ತಣ್ಣಗಿದೆ ಅಂತ ತಿಕ್ಕಲು ಹೋದರೆ ಅಲ್ಲಿನ ತಣ್ಣನೆ ರಕ್ತ ಎದೆಗೆ ನುಗ್ಗಿ ತೊಂದರೆಯಾಗುತ್ತದಂತೆ. ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಶಾಖ ನೋಡುತ್ತಿದ್ದೆ. ಒಂದೂವರೆ ಗಂಟೆಯಲ್ಲಿ 100ಕ್ಕೆ ಬಂತು, ಬಾಟ್ಲಿ ತೆಗೆದೆ. ತಲೆ ಎತ್ತಿ ಬಾಯಿ ನೆಕ್ಕಿಕೊಂಡ ಮೇಲೆ ಉಗುರುಬೆಚ್ಚಗಿನ ರಾಗಿ ಗಂಜಿಗೆ ಒಂದು ಚೂರು ಬೆಲ್ಲ ಹಾಕಿ ಕೊಟ್ಟೆ. ಪ್ರಜ್ಞೆ ಇಲ್ಲದ ನಾಯಿ ಬಾಯಿಗೆ ಏನೂ ಹುಯ್ಯಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಅರ್ಧ ಗಂಟೆಯಲ್ಲಿ ಶಾಖ ಏರದಿದ್ದರೆ, ಅಥವಾ ಮೊದಲೇ ನಡುಕ ನಿಂತಿದ್ದರೆ, ಕಂಬಳಿ ಸಮೇತ ಪಶು ಆಸ್ಪತ್ರೆಗೆ ಎತ್ತಿಕೊಂಡು ಹೋಗುವುದೇ ಸರಿ.

‘ಒಂದು ಗುಟುಕು ಬ್ರಾಂದಿ ಹಾಕು, ಬೆಂಕಿ ಪಕ್ಕ ಮಲಗಿಸು’ ಅಂದವರೂ ಇದ್ದರು. ಬ್ರಾಂದಿ ಚರ್ಮದ ರಕ್ತನಾಳ ಹಿಗ್ಗಿಸಿ ಇದ್ದ ಕಾವನ್ನೂ ಹೊರಗೆ ಬಿಡುತ್ತದೆ. ಮರಗಟ್ಟಿದ ಚರ್ಮಕ್ಕೆ ಬೆಂಕಿ ಸುಟ್ಟರೂ ಗೊತ್ತಾಗುವುದಿಲ್ಲ.

ಎಳೆ ಮರಿಗಳ ಕಥೆ ಇನ್ನೂ ಸೂಕ್ಷ್ಮ. ಹುಟ್ಟಿದ ಮೊದಲ ವಾರ ಅವಕ್ಕೆ ನಡುಗಲೂ ಬರುವುದಿಲ್ಲ. ತಣ್ಣಗಾದ ಮರಿಗೆ ಹಾಲು ಕುಡಿಸಿದರೆ ಜೀರ್ಣವಾಗದು, ಮೊದಲು ಕಾವು ಕೊಟ್ಟು ಆಮೇಲೆ ಹಾಲು. ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಬಲ್ಬು ಕಟ್ಟಿ, ಸೆಕೆಯಾದರೆ ಇನ್ನೊಂದು ಬದಿಗೆ ಸರಿಯಲು ಜಾಗ ಇರಲಿ.

ಕಾವಲು ನಾಯಿಗೆ ಈಗ ನಾಲ್ಕು ಇಟ್ಟಿಗೆ ಮೇಲೆ ಹಲಗೆ ಇಟ್ಟು ಗೂಡು ಮಾಡಿದ್ದೇನೆ, ಬಾಗಿಲು ತೆಂಕಲಿಗೆ. ಒಳಗೆ ಒಣ ಭತ್ತದ ಹುಲ್ಲು. ಇಬ್ಬನಿಗೆ ಹುಲ್ಲು ತೇವವಾಗಿದ್ದರೆ ಅದೇ ದಿನ ಬದಲಾಯಿಸುತ್ತೇನೆ. ರಾತ್ರಿ ನಾಯಿ ನೆನೆದು ಬಂದರೆ ಒರೆಸಲೆಂದು ಹಳೇ ಪಂಚೆಯೊಂದು ಗುಡಿಸಲ ಗೂಟಕ್ಕೇ ನೇತಾಡುತ್ತಿರುತ್ತದೆ.